ನಾಗುವಿನ ಕುತ್ತಿಗೆಗೆ ಊರೆಲ್ಲ ಡಾಕ್ಟ್ರು

ತ್ರಾಸಿಯ ಕಡಲ ಬದಿಯಲ್ಲಿ ನಾಗು ಎಂಬ ಹೆಂಗಸಿದ್ದಳು. ನಾಗುವಿಗೊಂದು ಕುತ್ತಿಗೆ, ಕುತ್ತಿಗೆಯ ಮೇಲೊಂದು ತಲೆ, ತಲೆಯ ಮೇಲೊಂದು ಸಿಂಬೆ, ಸಿಂಬೆಯ ಮೇಲೊಂದು ಮೀನಿನ ಬುಟ್ಟಿ. ಮದುವೆಯಾಗಿ ಬಂದ ವರ್ಷದಿಂದ ಇವಿಷ್ಟೂ ಒಂದರ ಮೇಲೊಂದು ಕುಳಿತು ಮನೆಮನೆ ತಿರುಗುತ್ತಿದ್ದವು. ಬುಟ್ಟಿಯನ್ನು ಎಲ್ಲರೂ ವಿಚಾರಿಸುತ್ತಿದ್ದರು. ಎಲ್ಲಕ್ಕೂ ಕೆಳಗಿದ್ದ ಕುತ್ತಿಗೆಯನ್ನು ಯಾರೂ ಮಾತಾಡಿಸಿರಲಿಲ್ಲ. ಕೊನೆಗೊಂದು ದಿನ ಅದೇ ಬಾಯಿ ತೆರೆಯಿತು.

ಮೊದಲು ಸಣ್ಣ ಸೆಳೆತ. ಆಮೇಲೆ ಬಲಭುಜದಿಂದ ಬೆರಳ ತುದಿಯವರೆಗೆ ಇರುವೆ ಸಾಲು ಹರಿದ ಹಾಗೆ ಜುಮುಜುಮು. ನಾಗು ಮಾಡಿದ ತಪ್ಪೆಂದರೆ ಇದನ್ನು ಮೀನು ಕೊಯ್ಯುತ್ತಾ ಗಿರಾಕಿಯೊಬ್ಬರ ಎದುರು ಹೇಳಿದ್ದು. ಬಂಗುಡೆಯ ರೇಟಿಗಿಂತ ಬೇಗ ಸುದ್ದಿ ಹಬ್ಬಿತು. ಅಂದಿನಿಂದ ಯಾವ ಜಗಲಿಗೆ ಹೋದರೂ ಮೀನಿಗಿಂತ ಮೊದಲು ಔಷಧದ ಮಾತು. ಒಬ್ಬರು ದಿಂಬೇ ಬೇಡ ಎಂದರು. ಪಕ್ಕದ ಮನೆಯವರು ಎರಡು ದಿಂಬು ಬೇಕು ಎಂದರು. ಇಬ್ಬರೂ ಕಾಯಂ ಗಿರಾಕಿಗಳು, ಯಾರ ಮನಸ್ಸನ್ನೂ ನೋಯಿಸುವಂತಿಲ್ಲ. ನಾಗು ಒಂದು ದಿನ ದಿಂಬಿಲ್ಲದೆ, ಮರುದಿನ ಎರಡು ದಿಂಬಿಟ್ಟು ಮಲಗಿದಳು. ಬಿಸಿ ಉಪ್ಪಿನ ಗಂಟು ಇಡು ಎಂದವರಿದ್ದರು, ಐಸ್ ಇಡು ಎಂದವರೂ ಇದ್ದರು. ಐಸಿಗೇನು, ಬುಟ್ಟಿಯಲ್ಲೇ ಇತ್ತು. ಮೀನಿನ ಐಸನ್ನು ಕುತ್ತಿಗೆಗೆ ಒತ್ತಿಕೊಂಡು ಬಸ್ಸು ಹತ್ತಿದ ದಿನ ನಾಗುವಿಗೆ ನೋವೇನೂ ಕಡಿಮೆಯಾಗಲಿಲ್ಲ, ಸುತ್ತಮುತ್ತಲ ಸೀಟು ಮಾತ್ರ ಖಾಲಿಯಾಯಿತು.

ಕೊನೆಗೆ ವನಜಮ್ಮ ಎಂಬವರು ತಮ್ಮ ಯಜಮಾನರು ಹಿಂದೆ ಕಟ್ಟಿಕೊಳ್ಳುತ್ತಿದ್ದ ಕುತ್ತಿಗೆ ಪಟ್ಟಿಯನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ ಕೊಟ್ಟರು. ಯಜಮಾನರು ತೆಂಗಿನಮರದ ಹಾಗೆ ಎತ್ತರದ ಮನುಷ್ಯ, ಅವರ ಕುತ್ತಿಗೆಯೂ ಅದಕ್ಕೆ ತಕ್ಕ ಹಾಗೆ. ನಾಗು ಕಟ್ಟಿಕೊಂಡಾಗ ಗಲ್ಲ ಆಕಾಶ ನೋಡಿತು. ಹಾಗೆಯೇ ಬಂದರಿಗೆ ಹೋದಳು.

ಬಂದರಿನ ದಕ್ಕೆಯಲ್ಲಿ ಬೆಳಿಗ್ಗೆ ಮೀನು ಹರಾಜಾಗುತ್ತದೆ. ಅಲ್ಲಿ ಹಳೆಯ ಹೆಂಗಸರು ಕೂಗಿ ಕೇಳುವುದಿಲ್ಲ. ಗಲ್ಲ ಎತ್ತಿದರೆ ಬೇಕು, ಮುಖ ತಗ್ಗಿಸಿದರೆ ಸಾಕು. ಹರಾಜು ಕೂಗುವವನಿಗೆ ಒಬ್ಬೊಬ್ಬರ ಗಲ್ಲವೂ ಗೊತ್ತು. ಅವತ್ತು ನಾಗುವಿನ ಗಲ್ಲ ಇಳಿಯಲೇ ಇಲ್ಲ. ಬಂಗುಡೆಯ ರಾಶಿ ನಾಗುವಿಗೆ, ಬೊಂಡಾಸಿನ ರಾಶಿ ನಾಗುವಿಗೆ, ಕೊನೆಗೆ ಯಾರಿಗೂ ಬೇಡವಾದ ಏಡಿಯ ಬುಟ್ಟಿಯೂ ನಾಗುವಿಗೆ. ಬಾಯಿಬಿಟ್ಟು ಬೇಡ ಎನ್ನಬಹುದಿತ್ತು. ಆದರೆ ಆ ಪಟ್ಟಿಯೊಳಗೆ ಬಾಯಿ ತೆರೆಯಲು ಜಾಗವಿರಲಿಲ್ಲ. ಮದುವೆ ಮನೆಗೆ ಹಿಡಿದದ್ದಾ ಎಂದು ಹರಾಜಿನವನು ಕೇಳಿದ್ದಕ್ಕೂ ಅವಳ ಗಲ್ಲ ಹೌದು ಎಂದೇ ಉತ್ತರ ಕೊಟ್ಟಿತು. ಆ ವಾರವಿಡೀ ಕೇರಿಯ ಎಲ್ಲರ ಮನೆಯಲ್ಲೂ ಏಡಿ ಸುಕ್ಕ.

ಎಲ್ಲರೂ ನಕ್ಕರು, ನಾಗುವೂ ನಕ್ಕಳು. ಆದರೆ ಅವಳು ಯಾರಿಗೂ ಹೇಳದ ಒಂದು ಸಂಗತಿ ಇತ್ತು. ಅವಳ ಬಲಗೈಯ ಹಿಡಿತ ಸಡಿಲವಾಗುತ್ತಿತ್ತು. ಗಿರಾಕಿಗಳು ಅವಳಿಗಾಗಿ ಕಾಯುತ್ತಿದ್ದುದು ಅವಳು ಮೀನನ್ನು ಅಚ್ಚುಕಟ್ಟಾಗಿ ಕೊಯ್ದು ಕೊಡುತ್ತಾಳೆಂದು. ಈಗ ಕತ್ತಿ ಬೆರಳುಗಳ ನಡುವಿನಿಂದ ಜಾರುತ್ತಿತ್ತು. ಮೀನು ಮಾರುವವಳ ಕೈ ಹೋದರೆ ಕಡಲು ಬತ್ತಿದ ಹಾಗೆಯೇ. ನಾಗು ಸುಮ್ಮನೆ ಎಡಗೈ ಅಭ್ಯಾಸ ಮಾಡತೊಡಗಿದಳು.

ಅವಳ ಗಂಡ ಐತ ಬೋಟಿನ ಕೆಲಸ ಬಿಟ್ಟು ಮೊಬೈಲಿನ ಕೆಲಸಕ್ಕೆ ಸೇರಿದವನು. ಜಗತ್ತಿನ ಎಲ್ಲ ರೋಗಕ್ಕೂ ಅವನ ಮೊಬೈಲಿನಲ್ಲೊಂದು ವೀಡಿಯೊ ಇತ್ತು. ಅದರಲ್ಲೊಬ್ಬ ಕುತ್ತಿಗೆ ತಿರುಗಿಸುವವನಿದ್ದ. ರೋಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಟಕ್ ಎನ್ನಿಸಿದರೆ ಮಲಗಿದ್ದವರು ಎದ್ದು ನಡೆಯುತ್ತಿದ್ದರು. ಹಿಂದೆ ವಾದ್ಯ ಬೇರೆ. ಆ ಮಹಾಶಯ ಭಾನುವಾರಗಳಂದು ತೆಕ್ಕಟ್ಟೆಗೆ ಬರುತ್ತಾನೆಂದು ತಿಳಿದು ಐತ ಹೆಂಡತಿಯ ಹೆಸರು ಬರೆಸಿ ಬಂದಿದ್ದ.

ಆಗ ಬಂದವಳು ಕೇರಿಯ ಆಶಾ ಕಾರ್ಯಕರ್ತೆ ಸುಗುಣ. ಬಂದದ್ದು ಒಣಮೀನಿಗೆ. ನಾಗು ಕಟ್ಟಿಕೊಡುವಾಗ ಪೊಟ್ಟಣ ಕೈಜಾರಿ ನೆಲಕ್ಕೆ ಬಿತ್ತು.

"ನಾಗಕ್ಕ, ಹೀಂಗ್ ಕೈ ಜಾರುದ್ ಎಷ್ಟ್ ಸಮಯ ಆಯ್ತ್?"

"ಮೀನ್ ನುಣ್ಪ್ ಮಾರಾಯ್ತಿ."

"ಇದ್ ಒಣ್ ಮೀನ್, ನಾಗಕ್ಕ."

ನಾಗು ಪೊಟ್ಟಣವನ್ನು ಎಡಗೈಯಲ್ಲಿ ಹೆಕ್ಕಿದಳು. ಉತ್ತರ ಹೊಳೆದದ್ದು ಐತನಿಗೆ. ಎಲುಬು ಒಂಚೂರು ಜಾಗ ಬಿಟ್ಟಿದೆ, ದೋಣಿ ಮರಳಿಗೆ ಕಚ್ಚಿದ ಹಾಗೆ, ಭಾನುವಾರ ಒಂದು ಸಲ ದೂಡಿದರೆ ಸರಿಯಾಗುತ್ತದೆ ಎಂದ.

"ದೂಡುವವ್ರ್ ಎಂತ ಕಲ್ತದ್ದ್ ಐತಣ್ಣ?"

"ಅವ್ರ್ನ ಲಕ್ಷ ಜನ ಕಂಡಿದ್ರ್."

"ಕಂಡವ್ರ್ ಲೆಕ್ಕ ಅಲ್ಲ ಕೇಂಡದ್ದ್. ಅವ್ರ್ ಕಲ್ತದ್ದ್ ಎಂತ?"

ಐತ ಮೊಬೈಲಿನಲ್ಲಿ ಹುಡುಕಿದ. ವಾದ್ಯ ಸಿಕ್ಕಿತು, ಪದವಿ ಸಿಗಲಿಲ್ಲ.

ಸುಗುಣ ಕುಳಿತು ತಿಳಿಸಿ ಹೇಳಿದಳು. ಕುತ್ತಿಗೆ ಅಂದರೆ ಬರೀ ಎಲುಬಿನ ಗಂಟಲ್ಲ. ಮಿದುಳಿನಿಂದ ಇಳಿಯುವ ದೊಡ್ಡ ನರದ ಹಗ್ಗ ಅದರೊಳಗೇ ಹೋಗುತ್ತದೆ. ಕೈಗೆ ಹೋಗುವ ನರಗಳು ಅಲ್ಲಿಂದಲೇ ಕವಲೊಡೆಯುತ್ತವೆ. ಕೈ ಜೋಮು ಹಿಡಿದು ಬಲ ಕಡಿಮೆಯಾದರೆ ಯಾವುದೋ ನರ ಒತ್ತಿಕೊಂಡಿರಬಹುದು. ಒಳಗೇನಾಗಿದೆ ಎಂದು ನೋಡದೆ ತಿರುಗಿಸಿದರೆ ಆ ಹಗ್ಗಕ್ಕೇ ಪೆಟ್ಟಾಗಬಹುದು, ಮಿದುಳಿಗೆ ಹೋಗುವ ರಕ್ತನಾಳ ಹರಿಯಲೂಬಹುದು. ಆಮೇಲೆ ನಡೆಯುವಾಗ ಓಲಾಡುತ್ತದೆಯೇ ಎಂದು ಕೇಳಿದಳು, ಮೂತ್ರ ತಡೆಯಲು ಕಷ್ಟವೇ ಎಂದೂ ಕೇಳಿದಳು. ನಾಗು ಐತನನ್ನು ನೋಡಿದಳು, ಐತ ಮೊಬೈಲನ್ನು ನೋಡಿದ. ಅವೆರಡೂ ಇಲ್ಲ ಎಂದು ನಾಗು ತಲೆಯಾಡಿಸಿ, ಆಡಿಸಿದ್ದಕ್ಕೆ "ಅಯ್ಯಬ್ಬ" ಎಂದಳು.

ಆದರೂ ಆಸ್ಪತ್ರೆಗೆ ಬರುವುದಿಲ್ಲ ಎಂದೇ ಹಟ. ಕಾರಣ ಕೊನೆಗೆ ಹೊರಬಿತ್ತು.

"ಡಾಕ್ಟ್ರ್ ಹತ್ರ ಹೋರೆ ಕೊಯ್ತ್ರ್. ದಿನಾ ಕೊಯ್ಯುವವ್ಳ್ ನಾನ್, ನಂಗ್ ಗೊತ್ತಿಲ್ಯಾ? ಕೊಯ್ದ ಮೀನ್ ಮತ್ತೆ ಈಜಿದ್ದ್ ನಾ ಇವತ್ತಿನವರಿಗೆ ಕಾಣ್ಲಿಲ್ಲೆ."

ಸುಗುಣ ನಗಲಿಲ್ಲ. "ನಾಗಕ್ಕ, ನೀವ್ ದಕ್ಕೆಲಿ ಮೀನ್ ತಕಂಬುಕ್ ಮುಂಚೆ ಕಿವಿರ್ ಎತ್ತಿ ಕಾಣ್ತ್ರಿ. ತಾಜಾ ಅಂದ್ ಯಾರ್ ಹೇಳ್ರೂ ನಂಬುದಿಲ್ಲ. ನಿಮ್ ಕುತ್ಗಿ ವಿಷ್ಯದಂಗ್ ಮಾತ್ರ ಊರವ್ರ್ ಹೇಳಿದ್ದೆಲ್ಲ ನಂಬ್ತ್ರಿ. ಒಳ್ಗೆ ಎಂತ ಆಯಿತ್ತ್ ಅಂದ್ ಒಂದ್ಸಲ ಎತ್ತಿ ಕಾಂಬುಕಿಲ್ಯಾ?"

ಈ ಮಾತು ನಾಗುವಿಗೆ ನಾಟಿತು. ಆದರೆ ಅವಳು ನಾಟಿಸಿಕೊಂಡ ರೀತಿಯೇ ಬೇರೆ. ಗಂಡನ ಕಡೆ ತಿರುಗಿ, "ಹಾಂಗಾರೆ ಐತ್ವಾರ ಮೊದ್ಲ್ ನೀವ್ ಕೂಕಣಿ. ನಾ ಕಂಡ್ಕಂಡ್ ಮತ್ತೆ ಕೂಕಂತೆ" ಎಂದಳು. ಬೇಡ, ಬೇಡವೇ ಬೇಡ ಎಂದು ಸುಗುಣ ಇಬ್ಬರಿಗೂ ಹೇಳಿದಳು. ಆದರೆ ಬೋಟಿನವನ ಮರ್ಯಾದೆಯ ಪ್ರಶ್ನೆ ಬಂದಿತ್ತು.

ಭಾನುವಾರ ತೆಕ್ಕಟ್ಟೆಯಲ್ಲಿ ಐತ ಎದೆಯುಬ್ಬಿಸಿ ಕುರ್ಚಿಯಲ್ಲಿ ಕುಳಿತ. ಅವನ ಕುತ್ತಿಗೆಗೆ ಹುಟ್ಟಿದಾರಭ್ಯ ಒಂದು ನೋವಿರಲಿಲ್ಲ. ಆ ಮಹಾಶಯ ಹಿಡಿದು ಎಡಕ್ಕೆ ತಿರುಗಿಸಿದ. ಟಕ್ ಎಂದಿತು. ತಲೆ ಎಡಕ್ಕೆ ಹೋಯಿತು, ತಿರುಗಿ ಬರಲಿಲ್ಲ. ಕೆಟ್ಟ ವಾಯು ಹೊರಡುತ್ತಿದೆ, ಇನ್ನೆರಡು ಸಲ ಬಂದರೆ ನೇರವಾಗುತ್ತದೆ ಎಂದನಂತೆ. ಮುಂದಿನ ಹೆಸರು ನಾಗುವಿನದು. ಅವನು ಕರೆಯುವಷ್ಟರಲ್ಲಿ ನಾಗು ಗಂಡನ ಕೈಹಿಡಿದು ಬಸ್‌ಸ್ಟಾಪಿನಲ್ಲಿದ್ದಳು.

ಬಸ್ಸಿನಲ್ಲಿ ಐತನ ಎಡಕ್ಕೆ ಕುಳಿತ ಹೆಂಗಸನ್ನು ಅವನು ಕಣ್ಣು ಕೀಳದೆ ನೋಡಬೇಕಾಗಿ ಬಂತು. ಆಕೆ ಮೊದಲು ಸೆರಗು ಸರಿಮಾಡಿಕೊಂಡಳು, ಆಮೇಲೆ ಗುರುಗುಟ್ಟಿದಳು, ಕೊನೆಗೆ ಎದ್ದು ಮುಂದೆ ಹೋದಳು. ಹಿಂದಿನ ಸೀಟಿನಿಂದ ನಾಗು ಇಡೀ ಬಸ್ಸಿಗೆ ಕೇಳುವಂತೆ ಗಂಡನ ಕುತ್ತಿಗೆಯ ಕಥೆ ಹೇಳಬೇಕಾಯಿತು. ತ್ರಾಸಿ ಹತ್ತಿರವಾದಾಗ ಎಡಬದಿಯ ಕಡಲನ್ನು ಐತನಷ್ಟು ಮನಸ್ಸಿಟ್ಟು ನೋಡಿದವರು ಬಸ್ಸಿನಲ್ಲಿ ಇನ್ನೊಬ್ಬರಿರಲಿಲ್ಲ.

ಮರುದಿನ ಸುಗುಣ ಇಬ್ಬರನ್ನೂ ಕುಂದಾಪುರದ ಸರಕಾರಿ ಆಸ್ಪತ್ರೆಯ ಎಲುಬಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ರೋಗಿ ಯಾರು ಎಂದು ಡಾಕ್ಟರು ಕೇಳಿದರು. ನಾಗು ಐತನನ್ನು ತೋರಿಸಿದಳು. ಐತ ನಾಗುವನ್ನು ತೋರಿಸಲು ಹೋಗಿ, ತಲೆ ತಿರುಗದೆ, ಕಿಟಕಿಯನ್ನು ತೋರಿಸಿದ. ಅವನದ್ದು ಸ್ನಾಯುವಿನ ಪೆಟ್ಟು, ಮದ್ದಿಗೆ ಸರಿಹೋಗುತ್ತದೆ, ಆದರೆ ಇಷ್ಟರಲ್ಲೇ ಮುಗಿದದ್ದು ಅದೃಷ್ಟ ಎಂದರು. ನಾಗುವಿನ ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಬೆರಳ ತುದಿ ಚುಚ್ಚಿ ನೋಡಿದರು, ಎರಡೂ ಕೈಯಿಂದ ತಮ್ಮ ಬೆರಳು ಹಿಂಡಲು ಹೇಳಿದರು. ಎಡಗೈಯ ಹಿಡಿತಕ್ಕೆ ಡಾಕ್ಟರ ಮುಖ ಕಿವುಚಿತು. ಬಲಗೈ ಹಿಂಡಿದಾಗ ಮುಖ ಹಾಗೇ ಇತ್ತು. ಅದನ್ನು ನೋಡಿ ನಾಗುವಿನ ಕಣ್ಣು ತುಂಬಿತು.

ಉಡುಪಿಯಲ್ಲಿ ಸ್ಕ್ಯಾನ್ ಆಯಿತು. ಕುತ್ತಿಗೆಯ ಎಲುಬುಗಳ ನಡುವಿನ ಮೆತ್ತೆಯೊಂದು ಹೊರಗೆ ಉಬ್ಬಿ ನರವನ್ನು ಒತ್ತುತ್ತಿತ್ತು. ಈಗ ಮಾತ್ರೆ, ವ್ಯಾಯಾಮ, ತಲೆಯ ಮೇಲೆ ಭಾರ ಬೇಡ, ಕೆಲವು ವಾರ ಬಿಟ್ಟು ಕೈಯ ಬಲ ಮತ್ತೆ ನೋಡೋಣ, ಬಲ ಇನ್ನೂ ಇಳಿದರೆ ಆಪರೇಶನ್ ಬಗ್ಗೆ ಯೋಚಿಸೋಣ ಎಂದರು ಡಾಕ್ಟರು. ಇಷ್ಟು ಮಾತಿನಲ್ಲಿ ನಾಗು ಮನೆಗೆ ಹೊತ್ತು ತಂದದ್ದು ಕೊನೆಯದೊಂದನ್ನೇ. ಅನ್ನ ಬಿಟ್ಟಳು. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳೋಣ ಎಂದಳು ಸುಗುಣ. ಡಾಕ್ಟರಿಗೆ ಸಿಟ್ಟು ಬಂದರೆ ಎಂದು ನಾಗುವಿಗೆ ಅಳುಕು. ಆದರೆ ಅವರೇ ಸ್ಕ್ಯಾನ್ ಕೈಗೆ ಕೊಟ್ಟು ಕಳಿಸಿದರು. ಕೇಳುವುದು ನಿಮ್ಮ ಹಕ್ಕು ಎಂದರು.

ಬ್ರಹ್ಮಾವರದಲ್ಲಿ ನರರೋಗ ತಜ್ಞೆ ಅಕ್ಷಯಾ ಅವರ ಎದುರು ಕುಳಿತ ನಾಗುವಿಗೆ ದಕ್ಕೆಯ ಅಭ್ಯಾಸ ಬಿಡಲಿಲ್ಲ.

"ಆ ಡಾಕ್ಟ್ರ್ ಮಾತ್ರೆ, ವ್ಯಾಯಾಮ, ಕಡೀಕ್ ಆಪರೇಶನ್ ಅಂದಿದ್ರ್. ನೀವ್ ಎಷ್ಟಕ್ಕ್ ಇಳಿಸ್ತ್ರಿ?"

"ಇಳಿಸಬೇಕಾದ್ದು ಬುಟ್ಟಿ ಒಂದೇ ಅಮ್ಮ" ಎಂದರು ಅವರು.

ಅವರು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದರು, ಸ್ಕ್ಯಾನ್ ದೀಪಕ್ಕೆ ಹಿಡಿದು ತೋರಿಸಿದರು. ನಾಗು ಈ ಸಲ ಬಾಯಿಬಿಟ್ಟು ಕೇಳಿದಳು. ಆಪರೇಶನ್ ಮಾಡದಿದ್ದರೆ ಏನು? ಮಾಡಿದರೆ ಏನು? ಯಾವ ಗುರುತು ಕಂಡರೆ ಓಡಿ ಬರಬೇಕು? ಒಂದೊಂದಕ್ಕೂ ಉತ್ತರ ಸಿಕ್ಕಿತು. ಇವರ ಮಾತೂ ಅವರ ಮಾತೂ ಒಂದೇ ಆಗಿತ್ತು. ಇಂಥ ಎಷ್ಟೋ ಕುತ್ತಿಗೆಗಳು ಕತ್ತಿ ಕಾಣದೆಯೇ ಸುಧಾರಿಸುತ್ತವೆ, ಆದರೆ ಹೇಳಿದ ದಿನಕ್ಕೆ ಬಂದು ತೋರಿಸಲೇಬೇಕು. ಆ ದಿನ ನಾಗು ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡಳು.

ಈಗ ನಾಗು ಬುಟ್ಟಿ ಹೊರುವುದಿಲ್ಲ. ಹೈವೇ ಬದಿಯಲ್ಲಿ ಎತ್ತರದ ಹಲಗೆ ಹಾಕಿ, ಕುತ್ತಿಗೆ ಬಗ್ಗದ ಹಾಗೆ ಕುಳಿತು ಮಾರುತ್ತಾಳೆ. ಮೀನು ತಂದು ಇಳಿಸುವುದು ಐತನ ಕೆಲಸ. ನೋವು ಪೂರ್ತಿ ಹೋಗಿಲ್ಲ, ಕೆಲವು ದಿನ ಬೆರಳು ಜುಮ್ಮೆನ್ನುತ್ತದೆ. ಅಂಥ ದಿನ ಕೆಲಸ ಕಡಿಮೆ ಮಾಡುತ್ತಾಳೆ, ಗೊತ್ತಾಗದಿದ್ದರೆ ಸುಗುಣನಿಗೆ ಫೋನು ಮಾಡುತ್ತಾಳೆ.

ದಿನಾ ಬೆಳಿಗ್ಗೆ ಕೈ ಹಿಂಡಿ ಬಲ ನೋಡಿಕೊಳ್ಳಿ ಎಂದು ವ್ಯಾಯಾಮ ಕಲಿಸಿದವರು ಹೇಳಿದ್ದರು. ಹಾಗಾಗಿ ಜಗಲಿಯಲ್ಲಿ ಐತ ಕೈ ಚಾಚಿ ಕೂರುತ್ತಾನೆ, ನಾಗು ಬಲಗೈಯಲ್ಲಿ ಹಿಡಿದು ಹಿಂಡುತ್ತಾಳೆ. ಮದುವೆಯ ದಿನ ಬಿಟ್ಟರೆ ನಾಲ್ಕು ಜನರೆದುರು ಅವಳ ಕೈ ಹಿಡಿದು ಕೂತವನಲ್ಲ ಐತ. ದಾರಿಯಲ್ಲಿ ಹೋಗುವವರಿಗೆಲ್ಲ "ಡಾಕ್ಟ್ರ್ ಹೇಳಿದ್ದ್, ಡಾಕ್ಟ್ರ್ ಹೇಳಿದ್ದ್" ಎಂದು ಕೂಗಿ ಹೇಳುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನ ದನಿ ಬದಲಾಯಿತು.

"ಬಿಡ್ ಹೆಣೆ, ನೋಯ್ತ್."

ನಾಗು ಬಿಡಲಿಲ್ಲ. ಇನ್ನೊಂದು ಸಲ ಹಿಂಡಿ ನೋಡಿದಳು.

ಕೇಳಿದಿರಲ್ಲ ಅಕ್ಕಂದಿರೇ, ಅಣ್ಣಂದಿರೇ. ಕುತ್ತಿಗೆ ನೋವೆಲ್ಲ ದೊಡ್ಡ ರೋಗವಲ್ಲ, ಹೆದರಬೇಡಿ. ಆದರೆ ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ಊರವರ ಮದ್ದಿಗೆ ಕಾಯದೆ ಕಲಿತ ವೈದ್ಯರಿಗೆ ತೋರಿಸಿ. ನಡೆಯುವಾಗ ಕಾಲು ತಪ್ಪಿದರೆ, ಮೂತ್ರ ತಡೆಯಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನೊಬ್ಬರ ಪಟ್ಟಿಯನ್ನು ನಿಮ್ಮ ಕುತ್ತಿಗೆಗೆ ಕಟ್ಟಬೇಡಿ, ಕುತ್ತಿಗೆಯನ್ನು ಕಂಡವರ ಕೈಗೆ ತಿರುಗಿಸಲು ಕೊಡಬೇಡಿ. ಆಪರೇಶನ್ ಎಂದರೆ ಓಡಿಹೋಗಬೇಡಿ, ಯಾಕೆ ಎಂದು ಕೇಳಿ, ಸಂಶಯವಿದ್ದರೆ ಇನ್ನೊಬ್ಬ ತಜ್ಞರನ್ನೂ ಕೇಳಿ. ಮತ್ತೆ ಇವತ್ತು ಮನೆಗೆ ಹೋದಾಗ, ಪದೇ ಪದೇ ಲೋಟ ಬೀಳಿಸುವವರು ಯಾರಾದರೂ ಇದ್ದರೆ ಬೈಯಬೇಡಿ. ಹತ್ತಿರ ಕುಳಿತು, ಕೈಯಲ್ಲಿ ಬಲ ಇದೆಯಾ ಎಂದು ಕೇಳಿ.