ಮೋರಿಗೆ ಹಾಸಿದ ಕಂಬಳಿ

ಮುಚ್ಚಿಹೋದ ಚಿನ್ನದ ಗಣಿಯ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿದ್ದ ತ್ಯಾಜ್ಯದ ಮಣ್ಣಿನಲ್ಲಿ ಇನ್ನೂ ಚಿನ್ನದ ಪುಡಿ ಉಳಿದಿದೆ ಎಂದು ನನ್ನ ಸೊಸೆ ನಂಬಿದ್ದಳು. ಆ ಮಣ್ಣನ್ನು ತೊಳೆದು ತೋರಿಸಲು ಗಣಿಯವರು ಅವಳಿಗೊಂದು ಶೆಡ್ಡು ಕೊಟ್ಟಿದ್ದರು. ಆ ದಿನ ಸಂಜೆಯೊಳಗೆ ಚಿನ್ನ ಕಾಣದಿದ್ದರೆ ಶೆಡ್ಡಿಗೆ ಬೀಗ ಎಂದು ಅಲ್ಲಿನ ಮೇಲ್ವಿಚಾರಕರು ಹೇಳಿದ್ದರು.

ನಾನು ಊಟ ಕೊಂಡೊಯ್ದಾಗ ಅವಳು ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಮಣ್ಣು ತೊಳೆಯುವ ಓರೆ ಮೇಜಿನ ಮೇಲೆ ಬರೀ ಮರಳು.

“ನೀರು ಜೋರಾಗಿ ಬಿಟ್ಬಿಟ್ಟೆ ಅತ್ತೆ. ಎಲ್ಲಾ ಮೋರಿ ಪಾಲಾಯ್ತು.”

ಕಾಲು ಜಾರದಿರಲೆಂದು ಅವಳು, ಮೇಜಿನ ನೀರು ಹರಿದು ಹೋಗುವ ಮೋರಿಯ ಬಾಯಿಗೆ ನನ್ನ ಹಳೇ ಕಂಬಳಿ ಹಾಸಿದ್ದಳು. ನನಗೆ ಮೈಯೆಲ್ಲ ಉರಿಯಿತು.

“ನನ್ನ ಕಂಬಳೀನೇ ಬೇಕಿತ್ತೇನೇ ನಿನಗೆ? ಇನ್ನೂ ಹತ್ತು ವರ್ಷ ಹೊದೀತಿದ್ದೆ!”

“ಅದರಲ್ಲಿ ಕಂಬಳಿಗಿಂತ ತೂತೇ ಜಾಸ್ತಿ ಇತ್ತಲ್ಲ ಅತ್ತೆ!”

ಸಿಟ್ಟಿನಲ್ಲೇ ಅದನ್ನೆತ್ತಿ ಬೋಗುಣಿಯ ನೀರಿನಲ್ಲಿ ಜಾಲಾಡಿದೆ. ತಟ್ಟನೆ ಸೊಸೆ ಬೋಗುಣಿಯನ್ನು ಕಿತ್ತುಕೊಂಡು ಮೆಲ್ಲಗೆ ತೂಗಾಡಿಸಿದಳು. ತಳದ ಕಪ್ಪು ಮರಳಿನ ಅಂಚಿನಲ್ಲಿ ಹಳದಿ ಗೆರೆಯೊಂದು ಹೊಳೆಯಿತು. ಭಾರವಾದ ಚಿನ್ನ ಉಣ್ಣೆಯೊಳಗೆ ಸಿಕ್ಕಿಕೊಂಡಿತ್ತು.

ಅವಳು ನನ್ನನ್ನೇ ಎತ್ತಿ ಗಿರಗಿರನೆ ತಿರುಗಿಸಿದಳು. ಗದ್ದಲ ಕೇಳಿ ಬೀಗ ಹಿಡಿದೇ ಓಡಿಬಂದ ಮೇಲ್ವಿಚಾರಕರು ಬೋಗುಣಿ ನೋಡಿ, ನಕ್ಕು, ಬೀಗವನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

“ಅತ್ತೆ, ನಿಮಗೆ ಹೊಸಾ ಕಂಬಳಿ ತರ್ತೀನಿ.”

“ತಾ. ಅದನ್ನೂ ಮೋರಿಗೆ ಹಾಸಿದ್ರೆ ಮಾತ್ರ ನೋಡು!”