ಕಿವಿಯಲ್ಲಿ ಹೇಳಬೇಕಿದ್ದ ಮಾತು

ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಶಾಲೆಗೆ ರಜೆಯಿದ್ದ ದಿನ ದೊಡ್ಡ ಬಟ್ಟೆ ಹಿಂಡಲು ಅವಳೇ ನನಗೆ ಜೊತೆ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ತಿರುಚಬೇಕು. ಅವಳು ಬೇಕೆಂದೇ ನಾನು ತಿರುಚಿದ ಕಡೆಗೇ ತಿರುಚುತ್ತಿದ್ದಳು. ನೀರು ಇಳಿಯುವ ಬದಲು ಶೀಟು ಸುಮ್ಮನೆ ಉರುಳುತ್ತಿತ್ತು, ಅವಳಿಗೆ ಅದೇ ನಗು.

ಆಗ ಪಕ್ಕದ ಮನೆಯ ಗೋಡೆ ಸದ್ದಾಯಿತು. ಅಜ್ಜಿಗೆ ಏನಾದರೂ ಬೇಕಿದ್ದರೆ ಸ್ಟೀಲ್ ಲೋಟದಿಂದ ಗೋಡೆಗೆ ಟಕ್ ಟಕ್ ಎಂದು ಬಡಿಯುವುದು ರೂಢಿ. ಅಂದು ಒಂದೇ ಸಲ ಬಡಿದ ಸದ್ದು, ಅದರ ಹಿಂದೆಯೇ ಲೋಟ ನೆಲಕ್ಕೆ ಬಿದ್ದು ಉರುಳಿಕೊಂಡು ಹೋದದ್ದು. ನಾನು ಶೀಟು ಬಿಟ್ಟೆ. ಅದು ಬಕೆಟ್ಟಿಗೆ ಬಿದ್ದು ನೀರು ಚಿಮ್ಮಿತು. ಮಗಳು ನಗುವುದನ್ನು ನಿಲ್ಲಿಸಿದಳು.

ಅಜ್ಜಿ ಎಂದರೆ ನಮಗೆ ಸಂಬಂಧಿಕರಲ್ಲ. ಅವರ ಮಗಳು ಬಸ್ ಕಂಡಕ್ಟರ್. ಬೆಳಕು ಹರಿಯುವ ಮುಂಚೆ ಡಿಪೋಗೆ ಹೋದರೆ ಬರುವಾಗ ಮಧ್ಯಾಹ್ನ ದಾಟಿರುತ್ತಿತ್ತು. ಅಲ್ಲಿಯವರೆಗೆ ಅಜ್ಜಿಯನ್ನು ನೋಡಿಕೊಳ್ಳುವವಳು ನಾನು. ಅಂಗಿ ಹೊಲಿಯುವ ಅಂಗಡಿಯವರು ಕೊಟ್ಟ ರಾಶಿಯನ್ನು ಎತ್ತಿಕೊಂಡು ಹೋಗಿ, ಅಜ್ಜಿಯ ಮಂಚದ ಪಕ್ಕದಲ್ಲೇ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದೆ. ನನ್ನ ಮಗಳು ನನ್ನ ಬೆನ್ನಿಗೇ ಬರುತ್ತಿದ್ದಳು. ಅದಕ್ಕೆ ಅಜ್ಜಿ ಅವಳಿಗೆ ‘ಬಾಲ’ ಎಂದು ಹೆಸರಿಟ್ಟಿದ್ದರು. ಈಗ ನಾವೂ ಹಾಗೇ ಕರೆಯುತ್ತೇವೆ.

ಅವರು ಮುಸಲ್ಮಾನರು, ನಾವು ಕ್ರೈಸ್ತರು. ಇದನ್ನು ನಾವು ಮರೆತೂ ಇರಲಿಲ್ಲ, ದೊಡ್ಡದು ಮಾಡಿಯೂ ಇರಲಿಲ್ಲ. ನನ್ನನ್ನು ಕೆಣಕುವುದು ಅಜ್ಜಿಗೆ ತಿಂಡಿ ತಿಂದಷ್ಟು ಖುಷಿ.

"ತಂದೆ ಅಂತೀರಿ, ಮಗ ಅಂತೀರಿ. ಪಾಪ, ದೇವರ ತಲೆಗೂ ಸಂಸಾರ ಕಟ್ಟಿಬಿಟ್ರಲ್ಲೇ" ಎಂದು ಒಮ್ಮೆ ಹೇಳಿದ್ದರು.

ನಿಮ್ಮ ದೇವರಿಗೆ ಒಬ್ಬನೇ ಇದ್ದು ಬೇಜಾರಾಗುವುದಿಲ್ಲವಾ ಎಂದು ನಾನು ಕೇಳಿದೆ. "ಆಗುತ್ತೆ ಅಂತಾನೇ ನಾವು ದಿನಕ್ಕೆ ಐದು ಸಲ ಹೋಗಿ ಮಾತಾಡಿಸ್ಕೊಂಡು ಬರೋದು" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಹೀಗೆ ಮಾತು ಎಲ್ಲಿಗೆ ಹೋದರೂ ಕೊನೆಗೆ ನಾನು ಹೇಳುತ್ತಿದ್ದದ್ದು ಒಂದೇ: ಬಿಡಿ ಅಜ್ಜಿ, ದೇವರು ಒಬ್ಬನೇ, ಕರೆಯೋದು ಬೇರೆ ಅಷ್ಟೇ. ಹೀಗೆ ಹೇಳಿದಾಗ ನನಗೆ ನಾನೇ ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ. ಅಜ್ಜಿ ಮಾತ್ರ ಒಪ್ಪಿದವರಂತೆ ತಲೆಯಾಡಿಸುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ಒಂದು ದಿನ ಅವರು ಒಂದು ಕೆಲಸ ಒಪ್ಪಿಸಿದರು. ಸಾಯುವವರ ಕಿವಿಯ ಹತ್ತಿರ ಅವರ ನಂಬಿಕೆಯ ಮಾತನ್ನು, ಕಲಿಮಾವನ್ನು, ಯಾರಾದರೂ ಮೆಲ್ಲಗೆ ಹೇಳಬೇಕಂತೆ. ಕೇಳಿಸಿಕೊಂಡು ಅವರೂ ಹೇಳಿಕೊಂಡರೆ ಆ ಮಾತೇ ಕೊನೆಯ ಮಾತಾಗುತ್ತದೆ. "ನನ್ನ ಹೊತ್ತು ಬಂದಾಗ ನನ್ನ ಮಗಳು ಎಲ್ಲೋ ಸೀಟಿ ಊದ್ತಾ ಇರ್ತಾಳೆ. ಹತ್ತಿರ ಇರೋದು ನೀನೇ. ಕಲಿತ್ಕೊ" ಎಂದರು.

ನಾನು ಸೂಜಿಗೆ ದಾರ ಪೋಣಿಸುವ ನೆಪ ಮಾಡಿ ತಲೆ ತಗ್ಗಿಸಿದೆ. ಆ ಮಾತನ್ನು ಮನಸಾರೆ ಹೇಳಿದವರು ಅವರ ಧರ್ಮಕ್ಕೆ ಸೇರಿದಂತೆ ಎಂದು ಎಲ್ಲೋ ಕೇಳಿದ್ದೆ. ನನ್ನ ಮನಸ್ಸನ್ನು ಓದಿದವರ ಹಾಗೆ ಅಜ್ಜಿ, ಪ್ರವಾದಿಯ ಹೆಸರು ಬರುವ ಭಾಗ ಬೇಡ, ಮೊದಲರ್ಧ ಸಾಕು ಎಂದರು. ದೇವರೊಬ್ಬನ ಹೊರತು ಬೇರೆ ದೇವರಿಲ್ಲ, ಇಷ್ಟೇ ಅದರ ಅರ್ಥ. "ಅದಕ್ಕೆ ನಿನ್ನದೇನು ತಕರಾರು? ದಿನಾ ನೀನೇ ಹೇಳ್ತೀಯಲ್ಲ."

ತಕರಾರು ಏನೂ ಇರಲಿಲ್ಲ. ಆದ್ದರಿಂದ ಕಲಿತೆ. ಅಜ್ಜಿ ಇದನ್ನು ತಮ್ಮ ಮಗಳಿಗೂ ಹೇಳಿಟ್ಟರು. ಅಜ್ಜಿ ಹೇಳಿಸುವರು, ನಾನು ಗುಂಡಿ ಹಾಕುತ್ತ ಗೊಣಗುವೆ. ನೆಲದ ಮೇಲೆ ಕೂತು ಚೂರು ಬಟ್ಟೆ ಆಯುತ್ತಿದ್ದ ಬಾಲ ನನಗಿಂತ ಚೆನ್ನಾಗಿ ಕಲಿತಳು. ಅಜ್ಜಿಯ ಉಚ್ಚಾರ, ಅಜ್ಜಿಯ ನಿಧಾನ, ಎಲ್ಲ ಹಾಗೇ ಇಳಿದಿತ್ತು ಅವಳ ಬಾಯಲ್ಲಿ.

ಆ ಬೆಳಿಗ್ಗೆ ನಾನು ಒದ್ದೆ ಕೈಯಲ್ಲೇ ಓಡಿದೆ. ಅಜ್ಜಿ ಮಂಚದ ಅಂಚಿಗೆ ವಾಲಿದ್ದರು. ಎತ್ತಿ ದಿಂಬಿಗೆ ಒರಗಿಸಿದೆ. ಉಸಿರು ಮೇಲೆ ಮೇಲೆ ಬರುತ್ತಿತ್ತು. ಕಣ್ಣು ಮಾತ್ರ ತಿಳಿಯಾಗಿ, ನನ್ನ ಮೇಲೇ ನೆಟ್ಟಿತ್ತು. ಏನನ್ನು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನಾನು ಬಗ್ಗಿ ಅವರ ಕಿವಿಯ ಹತ್ತಿರ ಬಾಯಿ ತಂದೆ.

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮರೆತಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಳ್ಳಲು ನೋಡಿದ್ದೇನೆ, ಆದರೆ ಮರೆತಿರಲಿಲ್ಲ. ನಾಲಿಗೆ ಹೊರಳಲಿಲ್ಲ. ಅಮ್ಮ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ದೇವರು, ಮೊಣಕಾಲೂರಿ ನಾನು ಬೇಡಿಕೊಂಡ ದೇವರು, ಎಲ್ಲಿ ನೊಂದುಕೊಳ್ಳುತ್ತಾನೋ ಎಂಬ ಭಯ ಎಲ್ಲಿಂದಲೋ ಎದ್ದು ಬಂತು.

ಬಾಗಿಲಲ್ಲಿ ಬಾಲ ನಿಂತಿದ್ದಳು. ನಾನು ಸುಮ್ಮನಿರುವುದನ್ನು ನೋಡಿ ಒಂದು ಹೆಜ್ಜೆ ಒಳಗಿಟ್ಟು ಬಾಯಿ ತೆರೆದಳು. ಅವಳು ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. "ಹೋಗು, ಔಷಧಿ ಅಂಗಡಿಯವರನ್ನ ಕರ್ಕೊಂಡು ಬಾ, ಓಡು" ಎಂದೆ. ಅವಳು ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಗದರಿದೆ. ಹೋದಳು.

ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಬಾಯಿಂದ ನನ್ನ ಪ್ರಾರ್ಥನೆ ತಾನಾಗಿ ಹೊರಟಿತು. ತಂದೆಯೇ ಎಂದೆ. ಮಗನ ಹೆಸರಿನಲ್ಲಿ ಎಂದೆ. ಮಗಳನ್ನು ಮಲಗಿಸುವಾಗ ದಿನಾ ಮಾಡುವ ಅಭ್ಯಾಸ ನೋಡಿ, ನನ್ನ ಹೆಬ್ಬೆರಳು ಅಜ್ಜಿಯ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದೇ ಬಿಟ್ಟಿತು. ಎಳೆದ ಮೇಲೆ ನನಗೆ ತಿಳಿದದ್ದು. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ತಡೆಯಲು ಹಿಡಿದರೋ, ಬಿಡಬೇಡ ಎಂದು ಹಿಡಿದರೋ. ತುಟಿ ಅಲುಗಿತು, ಸದ್ದು ಬರಲಿಲ್ಲ. ಆಮೇಲೆ ಆ ಹಿಡಿತ ಸಡಿಲವಾಯಿತು.

ಔಷಧಿ ಅಂಗಡಿಯವರು ಬಂದು ನಾಡಿ ನೋಡಿ, ಕಣ್ಣು ಮುಚ್ಚಿಸಿದರು.

ಕಂಡಕ್ಟರ್ ಟಿಕೆಟ್ಟಿನ ಚೀಲ ಹೆಗಲಲ್ಲೇ ಇರುವಂತೆ ಓಡಿ ಬಂದಳು. ನೆಂಟರು ಸೇರಿದ್ದರು. ಅವರೆಲ್ಲರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಎರಡೂ ಕೈ ಹಿಡಿದು ಅವಳು ಕೇಳಿದ್ದು ಒಂದೇ ಮಾತು: "ಹೇಳಿದ್ರಾ ಅಕ್ಕಾ?"

"ಹೇಳಿದೆ" ಎಂದೆ.

ಅವಳು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಅವಳ ತಲೆಯ ಮೇಲಿಂದ ನೋಡಿದರೆ, ಬಾಲ ನನ್ನನ್ನೇ ನೋಡುತ್ತಿದ್ದಳು.

ಅಂದಿನಿಂದ ಅವಳು ಬಾಲವಾಗಿ ಉಳಿಯಲಿಲ್ಲ. ನಾನು ಅಡುಗೆಮನೆಯಲ್ಲಿದ್ದರೆ ಅವಳು ಮೆಟ್ಟಿಲ ಮೇಲೆ. ನಾನು ಮೆಟ್ಟಿಲಿಗೆ ಬಂದರೆ ಅವಳು ಒಳಗೆ. ಮಲಗುವಾಗ ನಾನು ಹಣೆಯ ಹತ್ತಿರ ಕೈ ತಂದರೆ ಪಕ್ಕಕ್ಕೆ ಹೊರಳಿಕೊಳ್ಳುವಳು. ಏನಾದರೂ ಕೇಳಬೇಕಾ ಎಂದರೆ ಇಲ್ಲ ಎನ್ನುವಳು. ಬಾಯೊಳಗೆ ಏನನ್ನೋ ಅಮುಕಿ ಇಟ್ಟುಕೊಂಡ ಮುಖ. ಲಾರಿ ಓಡಿಸುವ ನಮ್ಮ ಯಜಮಾನರು ಊರಿಗೆ ಬಂದಾಗ, ಮಗಳಿಗೆ ಏನಾಯಿತು ಎಂದು ಕೇಳಿದರು. ಅಜ್ಜಿಯನ್ನು ಹಚ್ಚಿಕೊಂಡಿದ್ದಳಲ್ಲ ಎಂದೆ. ಅದೂ ನಿಜ, ಆದ್ದರಿಂದ ಅದು ಇನ್ನೂ ಕೆಟ್ಟ ಸುಳ್ಳು.

ಕಂಡಕ್ಟರ್ ಮಾತ್ರ ನನ್ನನ್ನು ಹೊಗಳಿ ಹೊಗಳಿ ಕೊಲ್ಲುತ್ತಿದ್ದಳು. ನನ್ನಮ್ಮನಿಗೆ ಕೊನೆಗಾಲಕ್ಕೆ ಹೊಟ್ಟೆಯ ಮಗಳೇ ಸಿಕ್ಕಿದ ಹಾಗಾಯಿತು ಎಂದು ಕಟ್ಟಡದಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅವಳ ನೆಂಟರ ಮನೆಯ ಹೆಂಗಸರು ಮೆಟ್ಟಿಲ ಮೇಲೆ ಸಿಕ್ಕರೆ ನನ್ನ ಕೆನ್ನೆ ಸವರಿ, ದೇವರು ಒಳ್ಳೆಯದು ಮಾಡಲಿ ಎನ್ನುವರು. ಯಾವ ದೇವರು ಎಂದು ನನ್ನ ಮನಸ್ಸು ತಕ್ಷಣ ಕೇಳುವುದು.

ಚರ್ಚಿನ ಗುರುಗಳನ್ನು ಕೇಳಿ ನೋಡಿದೆ. ನಡೆದದ್ದು ಹೇಳಲಿಲ್ಲ. ಸುಮ್ಮನೆ ಅನುಮಾನ ಬಂದವಳ ಹಾಗೆ, ಮುಸಲ್ಮಾನರದ್ದೂ ನಮ್ಮದೂ ಒಬ್ಬನೇ ದೇವರಾ ಫಾದರ್ ಎಂದೆ. ಅವರು ಕುರ್ಚಿಗಳನ್ನು ಸಾಲಾಗಿ ಎಳೆದಿಡುತ್ತ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. ಇಬ್ಬರೂ ಅಬ್ರಹಾಮನ ದೇವರನ್ನೇ ನೆನೆಯುತ್ತೇವೆ, ಜಗತ್ತನ್ನು ಮಾಡಿದವನು ಒಬ್ಬನೇ ಎನ್ನುತ್ತೇವೆ. ಆದರೆ ಅವನು ಎಂಥವನು ಎಂದು ಕೇಳಿದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಒಬ್ಬನೇ ಎನ್ನುವವರೂ ಇದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ, ಎರಡೂ ಕಡೆ ಓದಿಕೊಂಡವರೇ. "ನಿನಗ್ಯಾಕಮ್ಮ ಈಗ ಈ ತಲೆನೋವು?" ಎಂದರು. ನಾನು ಅವರ ಜೊತೆ ಇನ್ನೊಂದು ಸಾಲು ಕುರ್ಚಿ ಎಳೆದಿಟ್ಟು ಮನೆಗೆ ಬಂದೆ.

ಒಬ್ಬನೇ ಆಗಿದ್ದರೆ, ಆ ಅರ್ಧ ಸಾಲು ಹೇಳಲು ನನಗೇನಾಗಿತ್ತು? ಬೇರೆಯಾಗಿದ್ದರೆ, ನನ್ನನ್ನು ನಂಬಿ ಕಾಯುತ್ತಿದ್ದ ಮುದುಕಿಯ ಹಣೆಯ ಮೇಲೆ ನಾನು ಮಾಡಿದ್ದೇನು? ಹೇಗೆ ತಿರುಗಿಸಿದರೂ ತಪ್ಪು ನನ್ನ ಕಡೆಗೇ ಬರುತ್ತಿತ್ತು. ಗುಂಡಿ ಹಾಕುವಾಗ ತುಟಿ ತಾನಾಗಿ ಆ ಸಾಲನ್ನು ಹೇಳಿಕೊಳ್ಳುತ್ತಿತ್ತು. ಒಂದು ತೊಡಕೂ ಇಲ್ಲದೆ. ಈಗ ಕೇಳುವ ಕಿವಿ ಇರಲಿಲ್ಲ.

ಕಂಡಕ್ಟರ್ ತನ್ನ ವಾರದ ರಜೆಯ ದಿನ ಮಧ್ಯಾಹ್ನ ಬಂದಳು. ಯೂನಿಫಾರ್ಮ್ ಇಲ್ಲದೆ ಅವಳು ಚಿಕ್ಕವಳಾಗಿ ಕಾಣುತ್ತಿದ್ದಳು. ನಾನು ಅಂಗಿಗಳ ರಾಶಿಯನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟೆ. ಬಾಲ ಕಿಟಕಿಯ ಹತ್ತಿರ ಕೂತು ಶಾಲೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಕಂಡಕ್ಟರ್ ಮೊದಲು ಬಸ್ಸಿನ ಸುದ್ದಿ ಹೇಳಿದಳು. ಚಿಲ್ಲರೆ ಇಲ್ಲ ಎಂದು ಯಾರೋ ಜಗಳಕ್ಕೆ ಬಂದದ್ದು, ಡ್ರೈವರ್ ಬೇಕೆಂದೇ ಬ್ರೇಕ್ ಹಾಕಿ ಅವನನ್ನು ಬೀಳಿಸಿದ್ದು. ನಗುತ್ತಲೇ ಇದ್ದವಳು ತಟ್ಟನೆ ನಿಲ್ಲಿಸಿ, ಮನೆ ಖಾಲಿಯಿದ್ದರೆ ನಿದ್ದೆ ಬರುವುದಿಲ್ಲ ಎಂದಳು.

"ಒಂದೇ ಒಂದು ಮಾತು ಕೇಳ್ಬೇಕು ಅಕ್ಕಾ. ನೀವು ಹೇಳಿದಾಗ ಅಮ್ಮನ ತುಟಿ ಅಲ್ಲಾಡ್ತಾ? ಅವಳೂ ಹೇಳ್ಕೊಂಡ್ಲಾ? ಅದೊಂದು ಗೊತ್ತಾದ್ರೆ ನನಗೆ ಸಾಕು."

ಹೌದು ಎಂದರೆ ಮುಗಿಯುತ್ತಿತ್ತು. ತುಟಿ ಅಲುಗಿದ್ದು ಸುಳ್ಳಲ್ಲ. ಅವಳು ಇವತ್ತು ಮನೆಗೆ ಹೋಗಿ ನಿದ್ದೆ ಮಾಡುವಳು. ಬಾಲಳ ಕ್ರೆಯಾನ್ ಕಾಗದದ ಮೇಲೆ ಓಡುವ ಸದ್ದು ನಿಂತಿತ್ತು. ನನ್ನ ಮಗಳು ತಲೆಯೆತ್ತದೆ ಕಾಯುತ್ತಿದ್ದಳು.

"ತುಟಿ ಅಲ್ಲಾಡ್ತು" ಎಂದೆ. "ಆದ್ರೆ ನಾನು ಅದನ್ನ ಹೇಳಿರಲಿಲ್ಲ."

ಉಳಿದದ್ದನ್ನೆಲ್ಲ ಹೇಳಿದೆ. ತಂದೆಯೇ ಎಂದು ಕರೆದದ್ದು, ಹಣೆಯ ಮೇಲೆ ಎಳೆದ ಗುರುತು, ಅಜ್ಜಿ ಮಣಿಕಟ್ಟು ಹಿಡಿದದ್ದು. ಬಾಲ ಹೇಳಲು ಬಂದಾಗ ಅವಳನ್ನು ಹೊರಗೆ ಅಟ್ಟಿದ್ದನ್ನೂ ಬಿಡಲಿಲ್ಲ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ. ನನ್ನ ಮೇಲಿದ್ದ ಭಾರ ಅವಳ ಮುಖಕ್ಕೆ ಇಳಿಯುವುದನ್ನು ಎದುರು ಕೂತು ನೋಡಿದೆ ಅಷ್ಟೇ.

ಅವಳು ಬೈಯಲಿಲ್ಲ. ಪಕ್ಕದಲ್ಲಿದ್ದ ಅಂಗಿಯೊಂದರ ಗುಂಡಿಯನ್ನು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

"ನಿಮಗೆ ಬರ್ತಿತ್ತಲ್ಲ ಅಕ್ಕಾ" ಎಂದಳು ಕೊನೆಗೆ.

"ಬರ್ತಿತ್ತು."

"ಮತ್ತೆ?"

ಅವಳು ಎದ್ದಳು. ಬಾಗಿಲವರೆಗೆ ಹೋಗಿ ಚಪ್ಪಲಿಗೆ ಒಂದು ಕಾಲು ತೂರಿಸಿದವಳು ಹಾಗೇ ನಿಂತಳು. ಹೋಗುವುದೋ ಕೂರುವುದೋ ಅವಳಿಗೇ ತೋಚದಂತಿತ್ತು. ನಾನು ಎದ್ದು ಹತ್ತಿರ ಹೋಗಲು ಧೈರ್ಯ ಮಾಡಲಿಲ್ಲ.

ಬಾಲ ಕಿಟಕಿಯಿಂದ ಎದ್ದು ಬಂದಳು. ನನ್ನ ಹತ್ತಿರವೂ ಬರಲಿಲ್ಲ, ಅವಳ ಹತ್ತಿರವೂ ಹೋಗಲಿಲ್ಲ. ಕೋಣೆಯ ನಡುವೆ ನಿಂತಳು. ಬೆರಳಿಗೆಲ್ಲ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದಳು. ಯಾರನ್ನು ಕೇಳಬೇಕು ಎಂದು ತೀರ್ಮಾನಿಸಲಾಗದೆ, ಇಬ್ಬರನ್ನೂ ಕೇಳಿದಳು:

"ಅಜ್ಜಿ ಕಾಯ್ತಿದ್ದಿದ್ದು ಅವರ ದೇವರನ್ನ. ಅಮ್ಮ ಕರೆದಿದ್ದು ನಮ್ಮ ದೇವರನ್ನ. ಇಬ್ಬರೂ ಬೇರೆ ಬೇರೆ ಆಗಿದ್ರೆ, ಅಜ್ಜಿನ ಕರ್ಕೊಂಡು ಹೋಗೋಕೆ ಬಂದಿದ್ದು ಯಾರು?"