ಅಡ್ಡಕಸುಬಿ

ಆಡಿಟರ್ ಭಾವ ತಮ್ಮ ನಾದಿನಿಗೆ ಇಟ್ಟ ಹೆಸರು ಅಡ್ಡಕಸುಬಿ. ಓದಿದ್ದು ಸಸ್ಯಶಾಸ್ತ್ರ, ಮಾಡುವುದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಪಾಳಿ ಹೊಂದಿಸುವ ಕೆಲಸ, ಈಗ ಹೊರಟಿರುವುದು ಕಾರ್ಪೊರೇಟ್ ಫೈನಾನ್ಸಿಗೆ. ಹಾಗನ್ನದೆ ಇನ್ನೇನು ಅನ್ನಲಿ ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅವಳೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಅವಳಿಗೆ ಫೈನಾನ್ಸಿನ ಪಾಠ ಹೇಳುತ್ತಿದ್ದವರೂ ಅವರೇ, ಕಲಿಸುವವರ ಮುಂದೆ ಮುಖ ಗಂಟುಹಾಕಿಕೊಂಡರೆ ನಡೆಯುತ್ತದೆಯೇ?

ಅವಳ ವಿಭಾಗ ಮುಚ್ಚುವುದು ಖಾತ್ರಿಯಾಗಿತ್ತು. ಉಳಿಯಲು ಇದ್ದದ್ದು ಒಂದೇ ದಾರಿ, ಪ್ರಧಾನ ಕಚೇರಿಯ ಹಣಕಾಸು ವಿಭಾಗದಲ್ಲಿ ಖಾಲಿಯಿದ್ದ ಹುದ್ದೆ. ಯಾವ ಯಂತ್ರ ಕೊಳ್ಳಬೇಕು, ಅದಕ್ಕೆ ಸಾಲ ಮಾಡಬೇಕೋ ಕೈಯಿಂದ ಹಾಕಬೇಕೋ ಎಂದು ಲೆಕ್ಕ ಹಾಕಿ ಹೇಳುವ ಕೆಲಸ ಅದು. ಸಿಕ್ಕದಿದ್ದರೆ ಮನೆ. ಆದರೆ ಅವಳಿಗೆ ಬೇಕಾಗಿದ್ದು ಬರೀ ಸಂಬಳವಲ್ಲ. ಯಂತ್ರ ಕೆಟ್ಟು ನಿಂತಾಗಲೆಲ್ಲ ‘ಮೇಲಿನವರು ನೋಡ್ಕೋತಾರೆ’ ಎಂಬ ಮಾತು ಕೇಳಿ ಕೇಳಿ ರೋಸಿಹೋಗಿದ್ದಳು. ಆ ಮೇಲಿನವರ ಕೋಣೆಯಲ್ಲಿ ಒಮ್ಮೆ ತಾನೂ ಕೂರಬೇಕು ಎಂಬ ಹಟ ಹತ್ತಿತ್ತು.

ಸಂಜೆ ಕೆಲಸ ಬಿಟ್ಟು ನೇರ ಅಕ್ಕನ ಮನೆಗೆ ಬರುವಳು. ಕೈಯಲ್ಲಿ ಬ್ಲೀಚಿನ ವಾಸನೆ ಇನ್ನೂ ಹೋಗಿರುತ್ತಿರಲಿಲ್ಲ. ಊಟದ ಮೇಜನ್ನೇ ಒರೆಸಿ ಪಾಠ ಶುರು. ಭಾವನಿಗೆ ವಿಷಯ ಗೊತ್ತಿರಲಿಲ್ಲವೆಂದಲ್ಲ, ಅರೆದು ಕುಡಿದಿದ್ದರು. ಆದರೆ ಕಲಿಸುವ ವರಸೆ ನೋಡಿದರೆ ಎಂಥವರಿಗೂ ಮೈ ಉರಿಯಬೇಕು. ಸರಿಯಾಗಿ ಹೇಳಿದರೆ ‘ಹೂಂ’ ಎಂದು ಪುಟ ತಿರುಗಿಸುವರು. ತಪ್ಪಿದರೆ ಸಾಕು, ಅಡುಗೆಮನೆಯಿಂದ ಅಕ್ಕನನ್ನು ಕರೆಸಿ, ನಿನ್ನ ತಂಗಿ ಆಸ್ತಿಯನ್ನು ಒಯ್ದು ಸಾಲದ ಕಡೆ ಕೂರಿಸಿದ್ದಾಳೆ ನೋಡು ಎಂದು ತೋರಿಸುವರು. ಅದರ ಹಿಂದೆಯೇ ಹಳೆಯ ಕಥೆ. ಮದುವೆಗೆ ಮುಂಚೆ ಅವರು ಅಕ್ಕನಿಗೂ ಪಾಠ ಹೇಳಿದ್ದರು. ಬ್ಯಾಂಕಿನ ಪರೀಕ್ಷೆ ಪಾಸು ಮಾಡಿದ ಅಕ್ಕ ಇಂಟರ್‌ವ್ಯೂನಲ್ಲಿ ಉಳಿಯಲಿಲ್ಲ.

“ನಿಮ್ಮ ತವರುಮನೆಯವರ ತಲೆಗೆ ಲೆಕ್ಕ ಹತ್ತಲ್ಲ ಬಿಡು” ಎಂದು ಭಾವ ನಗುವರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗುವಳು.

ಭಾವ ಎದೆಯುಬ್ಬಿಸಿ ಹೇಳಿದ ಪಾಠವೂ ಒಂದಿತ್ತು. ತಾನೇ ಬರೆದ ಲೆಕ್ಕವನ್ನು ಆಡಿಟರ್ ತಾನೇ ತಪಾಸಣೆ ಮಾಡಕೂಡದು. ಅದು ತಮ್ಮ ಕಸುಬಿನ ಮರ್ಯಾದೆ ಅಂದಿದ್ದರು. ಅವಳಿಗೆ ಆ ಮಾತು ಹಿಡಿಸಿತ್ತು. ಅರ್ಜಿಯಲ್ಲಿ, ಈ ವಿಷಯದಲ್ಲಿ ನಿಮ್ಮನ್ನು ಬಲ್ಲವರು ಯಾರು ಎಂದು ಕೇಳಿದಾಗ ಹಿಂದೆಮುಂದೆ ನೋಡದೆ ಭಾವನ ಹೆಸರು ಬರೆದು, ಪಾಠ ಹೇಳಿದವರು ಎಂದು ಸೇರಿಸಿದಳು.

ಇಂಟರ್‌ವ್ಯೂ ನಡೆಸಿದ್ದು ಹಣಕಾಸು ವಿಭಾಗದ ಮುಖ್ಯಸ್ಥೆ, ಪಕ್ಕದಲ್ಲಿ ಬರೆದುಕೊಳ್ಳುವವನೊಬ್ಬ. ಸವಕಳಿ ಹೆಚ್ಚು ತೋರಿಸಿದರೆ ಲಾಭ ಇಳಿಯುತ್ತದೆ, ಆದರೂ ಕೈಯಲ್ಲಿ ನಗದು ಏರುವುದು ಹೇಗೆ ಎಂದು ಆಕೆ ಕೇಳಿದರು. ಯಂತ್ರ ಸವೆಯಿತೆಂದು ಪುಸ್ತಕದಲ್ಲಿ ಬರೆಯುತ್ತೇವೆಯೇ ಹೊರತು ಯಾರ ಕೈಗೂ ದುಡ್ಡು ಕೊಡುವುದಿಲ್ಲ, ಲಾಭ ಕಡಿಮೆ ಕಂಡಷ್ಟೂ ತೆರಿಗೆ ಕಡಿಮೆ, ಆ ಉಳಿತಾಯವೇ ನಗದು ಎಂದು ಅವಳು ತಡವರಿಸದೆ ಹೇಳಿದಳು. ಇನ್ನೂ ನಾಲ್ಕಾರು ಪ್ರಶ್ನೆ ಬಂದವು. ಒಂದೆರಡಕ್ಕೆ ಗೊತ್ತಿಲ್ಲ ಅಂದಳು, ಉಳಿದವು ದಡ ಸೇರಿದವು.

ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮಗೆ ಪಾಠ ಹೇಳಿದವರಿಗೆ ಫೋನ್ ಮಾಡಿದ್ವಿ. ನಿಮಗೆ ಅಡಿಪಾಯನೇ ಇಲ್ಲ, ಎರಡು ವರ್ಷ ಬಿಟ್ಟು ನೋಡಿ ಅಂದ್ರು. ನೀವೇನಂತೀರಾ?”

ಅವಳ ಕಿವಿ ಬಿಸಿಯಾಯಿತು. ಹಿಂದಿನ ಸಂಜೆಯಷ್ಟೇ ಬೆನ್ನು ತಟ್ಟಿ, ಧೈರ್ಯವಾಗಿ ಹೋಗು ಅಂದಿದ್ದರು ಆ ಮನುಷ್ಯ. ಅಳು ಬರುವುದಕ್ಕೆ ಮುಂಚೆ ಸಿಟ್ಟು ಬಂತು, ಪುಣ್ಯಕ್ಕೆ.

“ಕಲಿಸಿದ್ದು ಅವರೇ ಮೇಡಂ. ತಾನು ಬರೆದ ಲೆಕ್ಕನ ತಾನೇ ಆಡಿಟ್ ಮಾಡಬಾರದು ಅಂತ ಹೇಳಿಕೊಟ್ಟಿದ್ದೂ ಅವರೇ. ಅವರ ಮಾತು ಪಕ್ಕಕ್ಕಿಡಿ. ನಾನು ಎದುರಿಗೇ ಇದ್ದೀನಿ, ಎಷ್ಟು ಬೇಕೋ ಅಷ್ಟು ಕೇಳಿ.”

ಆಕೆ ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು, ಸುಸ್ತು ಹೊಡೆಯುವಷ್ಟು ಕೇಳಿದರು.

ಅವಳು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಫಲಿತಾಂಶ ಬರಲಿ ಎಂದು ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡವಳ ಹಾಗೆ ಓಡಾಡಿದಳು. ಕೆಲಸ ಸಿಕ್ಕಿತೆಂಬ ಫೋನ್ ಬಂದ ದಿನ ಅಕ್ಕ ಊಟಕ್ಕೆ ಕರೆದಳು. ಅವಳು ಹೋಗುವಷ್ಟರಲ್ಲಿ ಭಾವ ಫೋನಿನಲ್ಲಿ ಯಾರಿಗೋ, ತಯಾರು ಮಾಡಿದ್ದು ನಾನೇ, ಇಲ್ಲದಿದ್ದರೆ ಅಡ್ಡಕಸುಬಿಗೆ ಎಲ್ಲಿ ಸಿಗುತ್ತಿತ್ತು ಎಂದು ಕೊಚ್ಚಿಕೊಳ್ಳುತ್ತಿದ್ದರು.

ಅದೇ ಮೇಜಿಗೆ ಮೂವರೂ ಕೂತರು. ಅವಳು ತಟ್ಟೆ ಮುಟ್ಟಲಿಲ್ಲ.

“ಭಾವ, ಅವರು ಫೋನ್ ಮಾಡಿದಾಗ ನನ್ನ ಬಗ್ಗೆ ಏನಂದ್ರಿ?”

ಭಾವ ಒಂದು ಕ್ಷಣ ತಬ್ಬಿಬ್ಬಾದರು, ಅಷ್ಟೇ. ಆಮೇಲೆ ಹಳೆಯ ನಗು ಬಂತು.

“ನಿನ್ನ ಒಳ್ಳೇದಕ್ಕೇ ಹೇಳಿದ್ದಮ್ಮ. ಅಡಿಪಾಯ ಇಲ್ಲ, ಇನ್ನೂ ಸ್ವಲ್ಪ ಕಲೀಲಿ ಅಂದೆ. ನಾಳೆ ಅಲ್ಲಿ ಹೋಗಿ ಮುಗ್ಗರಿಸಿದ್ರೆ ನನ್ನ ಹೆಸರು ತಾನೇ ಹಾಳಾಗೋದು?”

ಅವಳು ಬಾಯಿ ತೆರೆದಳು. ಎಷ್ಟೋ ದಿನದಿಂದ ಕೂಡಿಟ್ಟ ಮಾತು ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ಬಡಿಸುತ್ತಿದ್ದ ಅಕ್ಕನ ಕೈ ನಿಂತುಹೋದದ್ದು ಕಂಡಿತು. ಅಕ್ಕ ಸೌಟನ್ನು ಮೆಲ್ಲಗೆ ಪಾತ್ರೆಗೆ ಹಾಕಿ ಗಂಡನ ಕಡೆ ತಿರುಗಿದಳು.

“ಬ್ಯಾಂಕಿನ ಅರ್ಜೀಲಿ ನಾನೂ ನಿಮ್ಮ ಹೆಸರೇ ಕೊಟ್ಟಿದ್ದೆ” ಅಂದಳು. “ನನ್ನ ಬಗ್ಗೆ ಏನಂದಿದ್ರಿ?”

ಭಾವನ ಮುಖದ ಮೇಲೆ ನಗು ಇನ್ನೂ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ನೀರಿನ ಲೋಟಕ್ಕೆ ಕೈ ಹಾಕಿದರು. ಅಕ್ಕ ಲೋಟವನ್ನು ಆಚೆ ಸರಿಸಿದಳು.

“ಹೇಳಿ. ಇಷ್ಟು ವರ್ಷ ನಾನೇ ದಡ್ಡಿ ಅಂದ್ಕೊಂಡಿದ್ದೆ.”

ತಂಗಿ ತನ್ನ ಕುರ್ಚಿಯನ್ನು ಎಳೆದುಕೊಂಡು ಅಕ್ಕನ ಪಕ್ಕಕ್ಕೆ ಹಾಕಿ ಕೂತಳು. ಇಬ್ಬರೂ ಉತ್ತರಕ್ಕೆ ಕಾದರು.